ಯು-11 ತಂಡದ ಆಗಸ್ಟ್: ಮೊದಲು ಸ್ಕ್ರಿಮೇಜ್, ಕೊನೆಗೆ ಟೂರ್ನಮೆಂಟ್

ನ್ಯೂಜೆರ್ಸಿ ಕಡೆ ಮಕ್ಕಳ ಟ್ರಾವೆಲ್ ಸಾಕರ್‌ನ (ಊರೂರ ತಂಡಗಳ ನಡುವಿನ ಫುಟ್‌ಬಾಲ್) ಫಾಲ್ ಸೀಸನ್ ಸಾಮಾನ್ಯವಾಗಿ ಲೇಬರ್ ಡೇ, ಅಂದರೆ ಸೆಪ್ಟೆಂಬರ್‌ನ ಮೊದಲ ಸೋಮವಾರ, ಕಳೆದ ಮೇಲೆ ಶುರುವಾಗುತ್ತದೆ. ಅದಕ್ಕೆ ಮುಂಚಿನ ನಾಲ್ಕು ವಾರ ಕೋಚ್ ಕೈಯಲ್ಲಿರುತ್ತವೆ. ಜುಲೈ ಬರುವಷ್ಟರಲ್ಲಿ ಟೂರ್ನಮೆಂಟ್‌ಗಳ ಆಹ್ವಾನಗಳು ಬಂದು ಬೀಳುತ್ತವೆ, ಪೋಷಕರೂ "ಈ ಸಲ ಎಷ್ಟು ಟೂರ್ನಮೆಂಟ್ ಆಡ್ತೀವಿ?" ಎಂದು ಕೇಳಲಾರಂಭಿಸುತ್ತಾರೆ. ಯು-10ರಿಂದ (ಹತ್ತು ವರ್ಷದೊಳಗಿನವರ ಗುಂಪು) ಯು-11ಕ್ಕೆ ಏರುವ ತಂಡಕ್ಕೆ ನಾನು ಅನುಸರಿಸುವ ಕ್ರಮ ಇದು: ಮೊದಲು ಮೂರು ಸ್ಕ್ರಿಮೇಜ್, ಅಂದರೆ ಲೆಕ್ಕಕ್ಕಿಲ್ಲದ ಅಭ್ಯಾಸ ಪಂದ್ಯ, ಆಮೇಲೆ ಒಂದೇ ಒಂದು ಟೂರ್ನಮೆಂಟ್. ಎರಡರಲ್ಲಿ ಒಂದನ್ನು ಕೈಬಿಡಲೇಬೇಕಾಗಿ ಬಂದರೆ ಟೂರ್ನಮೆಂಟನ್ನೇ ಬಿಡುತ್ತೇನೆ. ಕೋಚಿಂಗ್ ಅಥವಾ ಮ್ಯಾನೇಜರ್ ಕೆಲಸ ಹೊತ್ತಿರುವ ಇಲ್ಲಿನ ಕನ್ನಡದ ಅಪ್ಪ ಅಮ್ಮಂದಿರಿಗೆ ಉಪಯೋಗವಾಗಲೆಂದು ಕಾರಣವನ್ನೂ ವಿಧಾನವನ್ನೂ ವಿವರವಾಗಿ ಬರೆಯುತ್ತಿದ್ದೇನೆ.

ಯು-11 ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ದೇಶದ ಸಾಕರ್ ಒಕ್ಕೂಟವಾದ ಯು.ಎಸ್. ಸಾಕರ್ 2017ರಲ್ಲಿ ಕಡ್ಡಾಯ ಮಾಡಿದ ನಿಯಮಗಳ ಪ್ರಕಾರ ಯು-9, ಯು-10ರಲ್ಲಿ ಏಳು ಏಳು ಮಕ್ಕಳ ಆಟ, ಯು-11ರಿಂದ ಒಂಬತ್ತು ಒಂಬತ್ತು. ಹೆಚ್ಚಾಗುವುದು ಇಬ್ಬರು ಮಕ್ಕಳು ಮಾತ್ರ ಎಂದುಕೊಂಡರೆ ತಪ್ಪು. ಮೈದಾನದ ಉದ್ದ 55-65 ಗಜ ಇದ್ದದ್ದು 70-80 ಗಜವಾಗುತ್ತದೆ, ಅಗಲ 35-45 ಇದ್ದದ್ದು 45-55 ಆಗುತ್ತದೆ. ಆಟದ ಅರ್ಧ 25 ನಿಮಿಷದಿಂದ 30ಕ್ಕೆ ಏರುತ್ತದೆ. ಎದುರಾಳಿಗಳು ಹಿಂದೆ ಸರಿದು ನಿಲ್ಲಬೇಕಿದ್ದ ಬಿಲ್ಡ್-ಔಟ್ ಲೈನ್ ಎಂಬ ಗೆರೆ ಮಾಯವಾಗುತ್ತದೆ. ಅದುವರೆಗೆ ಆ ಗೆರೆಯಿಂದಾಚೆ ಮಾತ್ರ ಇದ್ದ ಆಫ್‌ಸೈಡ್ (ಎದುರಾಳಿ ಡಿಫೆಂಡರ್‌ಗಳನ್ನು ದಾಟಿ ನಿಂತು ಪಾಸ್ ಪಡೆಯುವ ತಪ್ಪು) ಈಗ ಮಧ್ಯಗೆರೆಯಿಂದಲೇ ಅನ್ವಯ. ಕೀಪರ್ ಕೈಯಲ್ಲಿರುವ ಚೆಂಡನ್ನು ಪಂಟ್ ಮಾಡಬಹುದು, ಅಂದರೆ ಗಾಳಿಯಲ್ಲಿ ದೂರ ಒದೆಯಬಹುದು. ಬದಲಾಗದೆ ಉಳಿಯುವುದು 4ನೇ ನಂಬರಿನ ಚೆಂಡು ಮತ್ತು ತಲೆಯಿಂದ ಆಡಬಾರದೆಂಬ ನಿಯಮ. ಯು-11ರಲ್ಲೂ ಬೇಕೆಂದೇ ಹೆಡ್ ಮಾಡಿದರೆ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್.

ಇವೆಲ್ಲದರಲ್ಲಿ ಮಕ್ಕಳನ್ನು ಹೆಚ್ಚು ಕಂಗೆಡಿಸುವುದು ಗೋಲ್ ಕಿಕ್, ಅಂದರೆ ಎದುರಾಳಿಯಿಂದ ಚೆಂಡು ನಮ್ಮ ಗೋಲ್ ಗೆರೆಯಾಚೆ ಹೋದಾಗ ನಾವು ಒದ್ದು ಆಟ ಮುಂದುವರಿಸುವುದು. ಏಳರ ಆಟದಲ್ಲಿ ಕೀಪರ್ ಚೆಂಡು ಹಿಡಿದರೂ, ಗೋಲ್ ಕಿಕ್ ಇದ್ದರೂ, ಎದುರಾಳಿಗಳು ಬಿಲ್ಡ್-ಔಟ್ ಲೈನ್‌ನ ಹಿಂದಕ್ಕೆ ಹೋಗಲೇಬೇಕು. ಡಿಫೆಂಡರ್‌ಗೆ ಚೆಂಡು ನಿಲ್ಲಿಸಿ ತಲೆ ಎತ್ತಿ ನೋಡುವಷ್ಟು ಸಮಯ ಸಿಗುತ್ತಿತ್ತು. ಒಂಬತ್ತರ ಆಟದಲ್ಲಿ ಎದುರಾಳಿಯ ಮೂವರು ಫಾರ್ವರ್ಡ್‌ಗಳು ಪೆನಾಲ್ಟಿ ಏರಿಯಾದ ಗೆರೆಯ ಮೇಲೇ ಕಾದು ನಿಂತಿರುತ್ತಾರೆ. 2019ರ ನಿಯಮದಂತೆ ಗೋಲ್ ಕಿಕ್‌ನಲ್ಲಿ ಒದ್ದ ಚೆಂಡು ಅಲುಗಾಡಿದ ಕ್ಷಣವೇ ಆಟ ಜೀವಂತ, ಅದು ಏರಿಯಾ ದಾಟುವ ತನಕ ಕಾಯಬೇಕಿಲ್ಲ. ಹತ್ತು ವರ್ಷದ ಮಗು ಹಳೆಯ ಅಭ್ಯಾಸದಲ್ಲಿ ತನ್ನದೇ ಗೋಲಿಗೆ ಮುಖ ಮಾಡಿ ಚೆಂಡು ಪಡೆಯುತ್ತದೆ, ತಿರುಗುವಷ್ಟರಲ್ಲಿ ಚೆಂಡು ಬಲೆಯಲ್ಲಿರುತ್ತದೆ. ಇದನ್ನು ಸರಿಪಡಿಸಲು ಆಟ ನಿಲ್ಲಿಸಬೇಕು, ಅದೇ ಗೋಲ್ ಕಿಕ್ಕನ್ನು ಇನ್ನೊಮ್ಮೆ ತೆಗೆಸಬೇಕು, ಮಗುವಿನ ಪಕ್ಕ ನಿಂತು ದೇಹ ಅರ್ಧ ತಿರುಗಿಸಿ ನಿಲ್ಲುವುದು ಹೇಗೆಂದು ತೋರಿಸಬೇಕು. ಟೂರ್ನಮೆಂಟಿನಲ್ಲಿ ಇದ್ಯಾವುದಕ್ಕೂ ಆಸ್ಪದವಿಲ್ಲ. ಅಲ್ಲಿ ಎರಡು ಗೋಲು ಹೀಗೆ ಹೋದರೆ ಸೈಡ್‌ಲೈನಿನಿಂದ "ದೂರ ಒದಿ" ಎಂಬ ಕೂಗು ಏಳುತ್ತದೆ, ಕೀಪರ್ ಕಣ್ಣು ಮುಚ್ಚಿ ಪಂಟ್ ಮಾಡಲು ಶುರುಮಾಡುತ್ತಾನೆ. ಆ ಚಾಳಿ ಒಮ್ಮೆ ಅಂಟಿಕೊಂಡರೆ ನವೆಂಬರ್ ತನಕ ಬಿಡುವುದಿಲ್ಲ. ಸ್ಕ್ರಿಮೇಜ್ ಮೊದಲು ಬೇಕೆನ್ನುವುದು ಮುಖ್ಯವಾಗಿ ಇದಕ್ಕೆ.

ಸ್ಕ್ರಿಮೇಜ್ ಅನೌಪಚಾರಿಕ ಎಂದ ಮಾತ್ರಕ್ಕೆ ಮಾತುಕತೆಯಿಲ್ಲದೆ ಹೋಗಿ ಆಡುವಂಥದ್ದಲ್ಲ. ಜುಲೈ ಮಧ್ಯದಲ್ಲೇ ಅಕ್ಕಪಕ್ಕದ ಊರಿನ ಕೋಚ್‌ಗಳಿಗೆ ಸಂದೇಶ ಕಳಿಸುತ್ತೇನೆ. ತಂಡದ ವಯೋಗುಂಪು, ಕಳೆದ ಸೀಸನ್ನಿನ ಡಿವಿಷನ್, ಟ್ರೈಔಟ್ (ತಂಡದ ಆಯ್ಕೆ) ನಂತರ ಎಷ್ಟು ಮಕ್ಕಳು ಹೊಸಬರು, ಎಷ್ಟು ಜನ ಬರಬಹುದು, ಇಬ್ಬರು ಕೀಪರ್ ಇದ್ದಾರೋ ಒಬ್ಬರೋ, ಎಲ್ಲವೂ ಅದರಲ್ಲಿರುತ್ತದೆ. ನನಗೆ ಅಭ್ಯಾಸ ಆಗಬೇಕಿರುವುದು ಏನೆಂದೂ ಬರೆಯುತ್ತೇನೆ: "ಗೋಲ್ ಕಿಕ್ ಹತ್ತಿರದಿಂದ ಆಡಿಸುತ್ತೇವೆ, ದಯವಿಟ್ಟು ಮೊದಲ ಕ್ವಾರ್ಟರ್‌ನಲ್ಲಿ ನಿಮ್ಮ ಮಕ್ಕಳು ಮಧ್ಯಗೆರೆಗೆ ಹಿಂದೆ ಸರಿಯಲಿ." ಅವರಿಗೆ ಬೇಕಿರುವುದನ್ನೂ ಕೇಳುತ್ತೇನೆ. ಈ ಒಪ್ಪಂದವಿಲ್ಲದ ಸ್ಕ್ರಿಮೇಜ್‌ನಲ್ಲಿ ಒಂದು ಕಡೆಯವರು ಕಲಿಯಲು, ಇನ್ನೊಂದು ಕಡೆಯವರು ಗೆಲ್ಲಲು ಬಂದಿರುತ್ತಾರೆ. ಆ ದಿನ ಇಬ್ಬರಿಗೂ ನಷ್ಟ.

ಕಾಗದಪತ್ರವನ್ನು ಮರೆಯಬಾರದು. ಮೈದಾನಕ್ಕೆ ಊರಿನ ಪರ್ಮಿಟ್ ಬೇಕು, ಕ್ಲಬ್‌ನ ರಿಜಿಸ್ಟ್ರಾರ್‌ಗೆ ದಿನಾಂಕ ಮತ್ತು ಎದುರಾಳಿಯ ಹೆಸರು ಮೊದಲೇ ತಿಳಿಸಿರಬೇಕು. ವಿಮೆ ನಿಂತಿರುವುದು ಮಕ್ಕಳ ನೋಂದಣಿಯ ಮೇಲೆ. ಒಂದು ತಂಡ ಯು.ಎಸ್. ಯೂತ್ ಸಾಕರ್ ಅಡಿಯಲ್ಲಿ, ಇನ್ನೊಂದು ಬೇರೆಯೇ ಸಂಸ್ಥೆಯಾದ ಯು.ಎಸ್. ಕ್ಲಬ್ ಸಾಕರ್ ಅಡಿಯಲ್ಲಿ ನೋಂದಾಯಿಸಿದ್ದರೆ ಅನುಮತಿ ಬೇಕೇ ಎಂದು ಬರವಣಿಗೆಯಲ್ಲೇ ಕೇಳಿಟ್ಟುಕೊಳ್ಳಿ. "ನನ್ನ ಅಣ್ಣನ ಮಗ ರಜೆಗೆ ಬಂದಿದ್ದಾನೆ, ಅವನೂ ಆಡಲಿ" ಎಂಬ ಕೋರಿಕೆ ಪ್ರತಿ ಬೇಸಿಗೆಯಲ್ಲೂ ಬರುತ್ತದೆ. ನೋಂದಣಿಯಿಲ್ಲದ ಮಗುವನ್ನು ಮೈದಾನಕ್ಕಿಳಿಸಬೇಡಿ.

ಮೊದಲ ಸ್ಕ್ರಿಮೇಜನ್ನು ಅಭ್ಯಾಸದ ಎರಡನೇ ವಾರದ ಕೊನೆಗೆ ಇಡುತ್ತೇನೆ. ಮೊದಲ ವಾರ ನಮ್ಮ ನಮ್ಮಲ್ಲೇ ನಾಲ್ಕು ನಾಲ್ಕರ ಸಣ್ಣ ಆಟ. ಬಿಸಿಲಿಗೆ ಮೈ ಹೊಂದಿಕೊಳ್ಳಲು 10ರಿಂದ 14 ದಿನ ಬೇಕಾಗುವುದರಿಂದ ಅದಕ್ಕೂ ಮೊದಲು ದೊಡ್ಡ ಮೈದಾನದಲ್ಲಿ ಓಡಿಸುವುದು ಸರಿಯಲ್ಲ. ಸಮಯ ಸಂಜೆ ಆರರ ನಂತರ, 15 ನಿಮಿಷದ ನಾಲ್ಕು ಕ್ವಾರ್ಟರ್, ನಡುವೆ ನಾಲ್ಕು ನಿಮಿಷ ನೀರಿಗೆ. 90 ನಿಮಿಷದ ಪರ್ಮಿಟ್‌ನಲ್ಲಿ ವಾರ್ಮ್-ಅಪ್ ಸಮೇತ ಇದು ಮುಗಿಯುತ್ತದೆ.

ಕ್ವಾರ್ಟರ್ ಮಾಡುವುದರಿಂದ ಮಕ್ಕಳಿಗೆ ನ್ಯಾಯ ಒದಗಿಸುವುದೂ ಸುಲಭ. ಕ್ವಾರ್ಟರಿಗೆ ಒಂಬತ್ತು ಸ್ಥಾನ, ನಾಲ್ಕಕ್ಕೆ 36. ಹದಿನಾಲ್ಕು ಮಕ್ಕಳಿದ್ದರೆ ಎಂಟು ಮಕ್ಕಳಿಗೆ ಮೂರು ಕ್ವಾರ್ಟರ್, ಆರು ಮಕ್ಕಳಿಗೆ ಎರಡು. ಆ ಆರು ಮಕ್ಕಳ ಹೆಸರು ಮುಂದಿನ ಸ್ಕ್ರಿಮೇಜ್‌ನ ಪಟ್ಟಿಯಲ್ಲಿ ಮೇಲೆ ಬರಬೇಕು. ಇದನ್ನು ಹಿಂದಿನ ರಾತ್ರಿಯೇ ಕಾಗದದಲ್ಲಿ ಬರೆದಿಡಿ. ಮೈದಾನದಲ್ಲಿ ಲೆಕ್ಕ ಹಾಕಲು ಹೋದರೆ ಸುಮ್ಮನಿರುವ ಮಗುವೇ ಬೆಂಚ್ ಮೇಲೆ ಉಳಿದುಹೋಗುತ್ತದೆ. ಪ್ರತಿ ಮಗುವೂ ಎರಡು ಬೇರೆ ಸ್ಥಾನಗಳಲ್ಲಿ ಆಡಲಿ. ವ್ಯೂಹ 3-2-3 (ಕ್ರಮವಾಗಿ ಡಿಫೆಂಡರ್, ಮಧ್ಯದವರು, ಫಾರ್ವರ್ಡ್) ಇಟ್ಟರೆ ಮಧ್ಯದ ಇಬ್ಬರಿಗೆ ಓಟ ವಿಪರೀತವಾಗುತ್ತದೆ, ಹೊಸ ತಂಡಕ್ಕೆ ನಾನು 3-3-2ರಿಂದಲೇ ಶುರು ಮಾಡುತ್ತೇನೆ.

ಗೋಲ್ ಕಿಕ್ಕಿಗೆ ಕ್ವಾರ್ಟರಿಗೊಂದು ನಿಯಮ. ಮೊದಲನೆಯದರಲ್ಲಿ ಎದುರಾಳಿಗಳು ಮಧ್ಯಗೆರೆ ತನಕ ಹಿಂದೆ ಸರಿಯುತ್ತಾರೆ, ಡಿಫೆಂಡರ್ ಚೆಂಡು ಮುಟ್ಟಿದ ಮೇಲೆ ಬರಬಹುದು. ಎರಡನೆಯದರಲ್ಲಿ ಒಬ್ಬ ಫಾರ್ವರ್ಡ್ ಮಾತ್ರ ಮುಂದೆ ನಿಲ್ಲಬಹುದು. ಮೂರು, ನಾಲ್ಕರಲ್ಲಿ ಮುಕ್ತ. ಕೀಪರ್‌ಗೆ ಹೇಳಿಕೊಡುವುದು ಒಂದೇ ಲೆಕ್ಕ: ಎದುರಾಳಿಗಳು ನಮ್ಮ ಅರ್ಧದಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಎಣಿಸು. ಇಬ್ಬರಿದ್ದರೆ ನಮ್ಮ ಮೂವರು ಡಿಫೆಂಡರ್‌ಗಳಲ್ಲಿ ಒಬ್ಬರು ಬಿಡುವಾಗಿರುತ್ತಾರೆ, ಅವರಿಗೆ ಕೊಡು. ನಾಲ್ವರು ಮುಂದೆ ಬಂದಿದ್ದರೆ ಅವರ ಹಿಂಬದಿ ಖಾಲಿ, ಬದಿಯ ಗೆರೆಯ ಕಡೆ ದೂರ ಹೊಡಿ. ಆಗ ಪಂಟ್ ಸಹ ಯೋಚಿಸಿ ಮಾಡಿದ ಆಯ್ಕೆಯಾಗುತ್ತದೆ. ಡಿಫೆಂಡರ್ ಎಡವಿದರೆ ನಾನು ಶಿಳ್ಳೆ ಹಾಕಿ ನಿಲ್ಲಿಸಿ, 20 ಸೆಕೆಂಡಿನೊಳಗೆ ಹೇಳಿ ಮುಗಿಸಿ, ಅದೇ ಗೋಲ್ ಕಿಕ್ಕನ್ನು ಮತ್ತೆ ಕೊಡಿಸುತ್ತೇನೆ. ಒಂದು ಕ್ವಾರ್ಟರ್‌ನಲ್ಲಿ ಮೂರಕ್ಕಿಂತ ಹೆಚ್ಚು ಸಲ ನಿಲ್ಲಿಸಿದರೆ ಆಟದ ಓಘವೇ ಸತ್ತುಹೋಗುತ್ತದೆ, ಎದುರಿನ ಕೋಚ್‌ಗೂ ಕಿರಿಕಿರಿ.

ಸ್ಕ್ರಿಮೇಜ್ ಕೆಡುವುದು ಹೆಚ್ಚಾಗಿ ಮಟ್ಟ ಹೊಂದದೆ ಇದ್ದಾಗ. ಒಂದು ತಂಡ ಮೂರು ಗೋಲು ಮುಂದಾದರೆ ಮುಂದಿನ ಕ್ವಾರ್ಟರಿಗೆ ಎರಡೂ ಕಡೆಯ ಮೂರು ಮೂರು ಮಕ್ಕಳನ್ನು ಅದಲು ಬದಲು ಮಾಡುತ್ತೇವೆ. ಅದಕ್ಕೆ ಎರಡು ಬಣ್ಣದ ಪಿನ್ನಿ (ಅಂಗಿಯ ಮೇಲೆ ತೊಡುವ ತೆಳು ಬನಿಯನ್) ಕೈಯಲ್ಲಿರಲಿ. ಟೂರ್ನಮೆಂಟ್‌ನಲ್ಲಿ ಈ ಅನುಕೂಲ ಇಲ್ಲವೇ ಇಲ್ಲ. ಇನ್ನೊಂದು ತೊಂದರೆ ಪೋಷಕರದು. ಗೋಲು ಎಣಿಸಬೇಡಿ ಎಂದರೂ ಎಣಿಸುತ್ತಾರೆ. ಹಾಗಾಗಿ ನಾನು ಅವರಲ್ಲಿ ಇಬ್ಬರ ಕೈಗೆ ಕಾಗದ ಕೊಡುತ್ತೇನೆ. ಒಬ್ಬರು ಬರೆಯುವುದು ನಮ್ಮ ಗೋಲ್ ಕಿಕ್ ಎಷ್ಟು, ಅದರಲ್ಲಿ ಚೆಂಡು ನಮ್ಮ ಹತ್ತಿರವೇ ಉಳಿದು ಮಧ್ಯಗೆರೆ ದಾಟಿದ್ದು ಎಷ್ಟು ಎಂಬುದು. ಇನ್ನೊಬ್ಬರು ಬರೆಯುವುದು ಥ್ರೋ-ಇನ್‌ಗಳ ಲೆಕ್ಕ. ಈ ಎರಡು ಅಂಕಿಗಳು ಸ್ಕೋರಿಗಿಂತ ಹೆಚ್ಚು ಹೇಳುತ್ತವೆ.

ಎರಡನೇ ಸ್ಕ್ರಿಮೇಜ್ ಇದೇ ಮಾದರಿ, ನಿಲ್ಲಿಸುವುದು ಕಡಿಮೆ, ಗೋಲ್ ಕಿಕ್ ಆರಂಭದಿಂದಲೇ ಮುಕ್ತ. ಮೂರನೆಯದು ನಿಜವಾದ ಪಂದ್ಯದಂತೆ: 30 ನಿಮಿಷದ ಎರಡು ಅರ್ಧ, ಕೋಚ್ ಗೆರೆಯಾಚೆ, ರೆಫರಿ ಒಬ್ಬರು. ರೆಫರಿಗಳನ್ನು ಹಂಚುವ ಊರಿನ ಅಸೈನರ್‌ಗೆ ಹೇಳಿದರೆ ಆಗತಾನೇ ಮೊದಲ ಹಂತದ ಗ್ರಾಸ್‌ರೂಟ್ಸ್ ಲೈಸನ್ಸ್ ಪಡೆದ 13, 14 ವರ್ಷದ ಮಕ್ಕಳನ್ನು ಕಳಿಸುತ್ತಾರೆ. ಅವರಿಗೂ ಇದು ಸೀಸನ್ ಪೂರ್ವದ ಅಭ್ಯಾಸವೇ. ಫೀ ಪೂರ್ತಿ ಕೊಡಿ, ಅವರ ಮೇಲೆ ಯಾರೂ ಕೂಗದಂತೆ ನೋಡಿಕೊಳ್ಳಿ. ರೆಫರಿ ಬೇಕೇ ಬೇಕು ಎನ್ನಲು ಆಫ್‌ಸೈಡ್ ಕಾರಣ: ಕೋಚ್‌ಗಳೇ ಶಿಳ್ಳೆ ಹಿಡಿದಾಗ ಮಧ್ಯಗೆರೆಯ ಹತ್ತಿರದ ಆಫ್‌ಸೈಡನ್ನು ಬಿಟ್ಟುಬಿಡುತ್ತಾರೆ, ಮಕ್ಕಳು ಅದನ್ನು ಮೊದಲ ಸಲ ಲೀಗ್‌ನಲ್ಲಿ ಕಾಣುತ್ತಾರೆ.

ಇಷ್ಟಾದ ಮೇಲೆ ಟೂರ್ನಮೆಂಟ್. ಅದು ಕೊಡುವುದನ್ನು ಸ್ಕ್ರಿಮೇಜ್ ಕೊಡಲಾರದು. ಪರಿಚಯವಿಲ್ಲದ ಎದುರಾಳಿ, ಸೋಲು ಗೆಲುವಿನ ಬಿಸಿ, ಬೆಳಗ್ಗೆ ಸೋತು ಮಧ್ಯಾಹ್ನ ಮತ್ತೆ ಎದ್ದು ಆಡುವುದು, ದಿನವಿಡೀ ಒಂದೇ ಟೆಂಟಿನ ಕೆಳಗೆ ಕಳೆಯುವ ಹೊಸ ಮಕ್ಕಳ ನಡುವೆ ಬೆಳೆಯುವ ಸ್ನೇಹ. ಟ್ರೈಔಟ್ ಆದ ಮೇಲೆ ಚದುರಿದ ತಂಡವನ್ನು ಒಂದುಗೂಡಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. 2026-27ರ ಸೀಸನ್ನಿನಿಂದ ವಯಸ್ಸಿನ ಲೆಕ್ಕ ಜನವರಿ 1ರ ಬದಲು ಆಗಸ್ಟ್ 1ರಿಂದ ಎಂದಾಗಿರುವುದರಿಂದ ಎಷ್ಟೋ ತಂಡಗಳು ಒಡೆದು ಹೊಸದಾಗಿ ಕೂಡಿವೆ, ಅಂಥ ತಂಡಗಳಿಗೆ ಇದರ ಅಗತ್ಯ ಇನ್ನೂ ಹೆಚ್ಚು.

ಆದರೆ ಆ ಕಾರಣಕ್ಕೇ ಬ್ರಾಕೆಟ್ (ಟೂರ್ನಮೆಂಟಿನ ಯಾವ ಗುಂಪಿನಲ್ಲಿ ಆಡುವುದು) ಆಯ್ಕೆಯಲ್ಲಿ ಎಚ್ಚರ ಬೇಕು. ಅರ್ಜಿಯಲ್ಲಿ ಕೇಳುವುದು ಕಳೆದ ಸೀಸನ್ನಿನ ಫಲಿತಾಂಶ, ಆಡುವುದು ಈಗಿನ ಮಕ್ಕಳು. ಕಳೆದ ವರ್ಷ ಮೇಲಿನ ಡಿವಿಷನ್‌ನಲ್ಲಿ ಗೆದ್ದ ತಂಡದಿಂದ ನಾಲ್ವರು ಹೋಗಿದ್ದರೆ ಅದು ಬೇರೆಯೇ ತಂಡ. ಟಿಪ್ಪಣಿಯ ಜಾಗದಲ್ಲಿ ಇದನ್ನು ಬರೆದು ಒಂದು ಮೆಟ್ಟಿಲು ಕೆಳಗಿನ ಫ್ಲೈಟ್, ಅಂದರೆ ಕೆಳಗಿನ ಮಟ್ಟದ ಗುಂಪು, ಕೇಳುತ್ತೇನೆ. ಯು-12 ಬ್ರಾಕೆಟ್‌ನಲ್ಲಿ ಜಾಗ ಖಾಲಿಯಿದೆ ಬನ್ನಿ ಎಂದು ಕರೆದರೆ ಒಪ್ಪುವುದಿಲ್ಲ. ಯು-12ರಲ್ಲಿ ಹೆಡಿಂಗ್ ಇದೆ, ನಮ್ಮ ಮಕ್ಕಳಿಗೆ ಅದರ ತರಬೇತಿ ಕೊಡುವುದೇ ನಿಷಿದ್ಧ.

ಪಾಯಿಂಟ್ ಪದ್ಧತಿಯನ್ನೂ ಓದಿಕೊಳ್ಳಿ. ಎಷ್ಟೋ ಕಡೆ ಗೆಲುವಿಗೆ 6, ಸಮಬಲಕ್ಕೆ 3, ಮೂರರ ತನಕ ಪ್ರತಿ ಗೋಲಿಗೆ 1, ಗೋಲು ಬಿಟ್ಟುಕೊಡದಿದ್ದರೆ 1, ಹೀಗೆ ಹತ್ತರ ಲೆಕ್ಕ ಇರುತ್ತದೆ. ಆ ಕೊನೆಯ ಒಂದು ಪಾಯಿಂಟ್‌ನ ಆಸೆಗೆ ಎರಡನೇ ಕೀಪರನ್ನು ಇಳಿಸದೆ ಇರುವ ಕೋಚ್‌ಗಳಿದ್ದಾರೆ. ನಾನು ಪ್ರತಿ ಪಂದ್ಯದಲ್ಲೂ ಅರ್ಧ ಅರ್ಧ ಎಂದು ಮೊದಲೇ ಇಬ್ಬರು ಕೀಪರ್‌ಗಳಿಗೂ ಪೋಷಕರಿಗೂ ಹೇಳಿಬಿಡುತ್ತೇನೆ, ಆಮೇಲೆ ಬದಲಾಯಿಸುವುದಿಲ್ಲ.

ದೇಹದ ಮೇಲಿನ ಹೊರೆಯ ಲೆಕ್ಕ ಹೀಗಿದೆ. ಟೂರ್ನಮೆಂಟಿನಲ್ಲಿ 25 ನಿಮಿಷದ ಅರ್ಧಗಳೆಂದರೆ ಪಂದ್ಯಕ್ಕೆ 50 ನಿಮಿಷ, ಕೀಪರ್ ಬಿಟ್ಟು ಎಂಟು ಸ್ಥಾನ, ಒಟ್ಟು 400 ನಿಮಿಷ. ಹದಿಮೂರು ಮಕ್ಕಳಿಗೆ ಹಂಚಿದರೆ ತಲೆಗೆ ಸುಮಾರು 31. ಫೈನಲ್ ಸೇರಿ ನಾಲ್ಕು ಪಂದ್ಯವಾದರೆ ಎರಡು ದಿನದಲ್ಲಿ 123 ನಿಮಿಷ. 30 ನಿಮಿಷದ ಅರ್ಧಗಳ ಲೀಗ್‌ನಲ್ಲಿ ಒಂದು ವಾರಕ್ಕೆ ಸಿಗುವುದು 37. ಅಂದರೆ ಮೂರು ವಾರದ ಆಟಕ್ಕೂ ಹೆಚ್ಚು, ಅದೂ ಬಿಸಿಲಿನಲ್ಲಿ. ಹನ್ನೊಂದೇ ಮಕ್ಕಳು ಬಂದರೆ ತಲೆಗೆ ಸುಮಾರು 145 ನಿಮಿಷವಾಗುತ್ತದೆ. ಟೂರ್ನಮೆಂಟ್ ಲೇಬರ್ ಡೇ ವಾರಾಂತ್ಯದಲ್ಲಿದ್ದರೆ ಆಗ ಊರಿಗೆ ಹೋಗುವವರು ಬಹಳ. ಅಮೆರಿಕದ ಕನ್ನಡ ಸಂಘಟನೆಗಳಾದ ‘ಅಕ್ಕ’, ‘ನಾವಿಕ’ಗಳ ಸಮ್ಮೇಳನಗಳೂ ಆ ವಾರಾಂತ್ಯದಲ್ಲಿ ನಡೆಯುವುದುಂಟು, ಕನ್ನಡದ ಮನೆಗಳನ್ನು ಮೊದಲೇ ಕೇಳಿಬಿಡಿ. ಹದಿಮೂರು ಹೆಸರು ಖಚಿತವಾಗದೆ ನಾನು ಫೀ ಕಟ್ಟುವುದಿಲ್ಲ. ಗೆಸ್ಟ್ ಪ್ಲೇಯರ್‌ಗೆ (ಬೇರೆ ತಂಡದಿಂದ ಎರವಲು ಬರುವ ಆಟಗಾರ) ಅವಕಾಶವಿದ್ದರೆ ಕ್ಲಬ್‌ನ ಎರಡನೇ ತಂಡದಿಂದ ಇಬ್ಬರನ್ನು ಕರೆಯುತ್ತೇನೆ. ಗೆಲ್ಲಿಸಿಕೊಡಲೆಂದು ಹೊರಗಿನ ಬಲಿಷ್ಠ ಆಟಗಾರರನ್ನು ತಂದರೆ ತಂಡ ಒಂದುಗೂಡುವುದೆಲ್ಲಿಂದ?

ಪಂದ್ಯಗಳ ನಡುವೆ ಮಕ್ಕಳು ಬೂಟು ಬಿಚ್ಚಿ ನೆರಳಿನಲ್ಲಿ ಕೂರಬೇಕು. ಮುಂದಿನ ಪಂದ್ಯಕ್ಕೆ ಎರಡು ಗಂಟೆಗೂ ಕಡಿಮೆ ಇದ್ದರೆ ಬಾಳೆಹಣ್ಣು, ಬ್ರೆಡ್, ಪ್ರೆಟ್ಜೆಲ್ ಸಾಕು, ಪಿಜ್ಜಾ ಕೊನೆಯ ಪಂದ್ಯದ ನಂತರ. ಮೊಸರನ್ನ ತರುವ ಮನೆಗಳಿದ್ದರೆ ಡಬ್ಬಿಯನ್ನು ಐಸ್ ಇರುವ ಕೂಲರ್‌ನಲ್ಲೇ ಇಡಲಿ. ಕೃತಕ ಟರ್ಫ್ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ, ವಾರ್ಮ್-ಅಪ್ಪನ್ನು ಹುಲ್ಲಿನ ಮೇಲೆ ಹತ್ತು ನಿಮಿಷಕ್ಕೆ ಮುಗಿಸಿ. ಗುಡುಗು ಕೇಳಿದರೆ ಎಲ್ಲರೂ ಕಾರಿನೊಳಗೆ, ಕೊನೆಯ ಗುಡುಗಿನಿಂದ 30 ನಿಮಿಷ ಲೆಕ್ಕ. ತಲೆಗೆ ಪೆಟ್ಟು ಬಿದ್ದ ಅನುಮಾನವಿದ್ದರೆ ಆ ಮಗು ಆ ವಾರಾಂತ್ಯ ಮತ್ತೆ ಆಡುವುದಿಲ್ಲ, ಫೈನಲ್ ಇದ್ದರೂ ಸರಿ.

ಖರ್ಚಿನ ವಿಷಯ ಸಂಕೋಚವಿಲ್ಲದೆ ಮಾತಾಡಬೇಕು. ಟೂರ್ನಮೆಂಟ್ ಫೀ ತಂಡಕ್ಕೆ ನೂರಾರು ಡಾಲರ್, ಕೆಲವು ಕಡೆ ಅವರು ಹೇಳಿದ ಹೋಟೆಲಿನಲ್ಲೇ ಉಳಿಯಬೇಕೆಂಬ ಷರತ್ತು ಬೇರೆ. ಒಂದು ಗಂಟೆಯ ಡ್ರೈವ್ ಒಳಗಿನದ್ದನ್ನೇ ಆರಿಸುತ್ತೇನೆ, ಮಳೆಗೆ ರದ್ದಾದರೆ ಎಷ್ಟು ಹಣ ವಾಪಸ್ ಎಂಬ ಸಾಲನ್ನು ಓದಿಯೇ ನೋಂದಾಯಿಸುತ್ತೇನೆ. ಕಡಿಮೆಯೆಂದರೆ ಮೂರು ಪಂದ್ಯದ ಭರವಸೆ ಇರಬೇಕು.

ಟೂರ್ನಮೆಂಟ್ ಮುಗಿದ ವಾರ ಒಂದೇ ಅಭ್ಯಾಸ, ಬುಧವಾರ ಇಲ್ಲವೇ ಗುರುವಾರ, 60 ನಿಮಿಷ. ಓಟದ ಡ್ರಿಲ್ ಯಾವುದೂ ಇಲ್ಲ. ಥ್ರೋ-ಇನ್ ಮತ್ತು ಗೋಲ್ ಕಿಕ್‌ನ ಅದೇ ಕಾಗದವನ್ನು ಟೂರ್ನಮೆಂಟ್‌ನಲ್ಲೂ ಪೋಷಕರಿಂದ ಬರೆಸಿರುತ್ತೇನಲ್ಲ, ಮೂರನೇ ಸ್ಕ್ರಿಮೇಜ್‌ನ ಅಂಕಿಗಳ ಪಕ್ಕ ಅದನ್ನಿಟ್ಟು ನೋಡಿ, ಎರಡರಲ್ಲಿ ಯಾವುದು ಒತ್ತಡದಲ್ಲಿ ಕುಸಿದಿದೆಯೋ ಅದಕ್ಕೆ 20 ನಿಮಿಷ ಕೊಡುತ್ತೇನೆ. ಉಳಿದ ಹೊತ್ತು ಐದು ಐದರ ಆಟ. ಶನಿವಾರ ಅಥವಾ ಭಾನುವಾರ ಲೀಗ್‌ನ ಮೊದಲ ಪಂದ್ಯ.