ಗಿಡ ನೆಡದೆ ಬೋಳು ನೆಲಕ್ಕೆ ಹಸಿರು ತಂದದ್ದು

ಮೇಲ್ಮಣ್ಣು ಪೂರ್ತಿ ಕೆತ್ತಿ ಒಯ್ದಿದ್ದ ಒಂದು ಇಳಿಜಾರು ಜಾಗವನ್ನು ಮತ್ತೆ ಹಸಿರು ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸಲಿಕೆ ಹಾಕಿದರೆ ಠಣ್ ಅನ್ನುವ ನೆಲ. ಮಳೆ ಸುರಿದರೂ ನೀರು ಇಂಗದೆ ಜಾರಿ ಹೋಗುತ್ತಿತ್ತು. ಇಂಥ ಕಡೆ ಎಲ್ಲರೂ ಮೊದಲು ಕೇಳುವುದು "ಯಾವ ಗಿಡ ನೆಡ್ತೀರಿ?" ಅಂತ. ನಾನು ಒಂದೂ ನೆಡಲಿಲ್ಲ. ಅಲ್ಲಿ ಸಸಿ ಇಟ್ಟರೆ ಕೊಡ ಹಿಡಿದು ಅದರ ಹಿಂದೆಯೇ ಓಡಾಡಬೇಕು, ಅಷ್ಟೇ.

ಬೋಳು ನೆಲ ಬೋಳಾಗಿಯೇ ಉಳಿದಿದೆ ಅಂದರೆ ಅದನ್ನು ಏನೋ ತಡೆದಿದೆ ಅಂತಲೇ ಅರ್ಥ. ಇಲ್ಲಿ ತಡೆದಿದ್ದು ಓಡುವ ನೀರು, ಮೇಯುವ ದನ ಮತ್ತು ಬೀಜದ ಕೊರತೆ. ನೀರಿಗೆ ಇಳಿಜಾರಿಗೆ ಅಡ್ಡಲಾಗಿ ಸಣ್ಣ ಬದು ಹಾಕಿದೆ, ನಡುವೆ ಅರ್ಧಚಂದ್ರದ ಗುಂಡಿ ತೋಡಿದೆ. ಸುತ್ತ ಮುಳ್ಳುಬೇಲಿ ಕಟ್ಟಿದೆ. ಬೀಜಕ್ಕಾಗಿ ಒಣಗಿದ ಕವಲು ಕೊಂಬೆಗಳನ್ನು ಅಲ್ಲಲ್ಲಿ ನೆಟ್ಟು ನಿಲ್ಲಿಸಿದೆ. ಪಿಕಳಾರ, ಮೈನಾ ಬಂದು ಕೂರಬೇಕು, ಹಿಕ್ಕೆ ಹಾಕಬೇಕು. ಆ ಹಿಕ್ಕೆಯಲ್ಲೇ ಬೀಜ.

ಮೊದಲು ಬಂದದ್ದು ಗಿಡವೇ ಅಲ್ಲ. ಮಳೆ ಬಿದ್ದ ಮೇಲೆ ಗುಂಡಿಯ ಅಂಚಿನಲ್ಲಿ ಕಪ್ಪು ಹಸಿರಿನ ತೆಳು ಪದರ ಕಾಣಿಸಿತು. ಒಂದು ಚೂರು ಎತ್ತಿ ಭೂತಗನ್ನಡಿಯಲ್ಲಿ ನೋಡಿದರೆ ಕೂದಲಿಗಿಂತ ಸಣ್ಣ ಎಳೆಗಳು ಮರಳಿನ ಕಣಗಳನ್ನು ಹೆಣೆದು ಹಿಡಿದಿದ್ದವು. ಇದು ನೀಲಿ-ಹಸಿರು ಪಾಚಿ, ಅಸಲಿಗೆ ಒಂದು ಬಗೆಯ ಬ್ಯಾಕ್ಟೀರಿಯಾ. ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತದೆ. ಇವುಗಳಲ್ಲಿ ಕೆಲವು ಗಾಳಿಯ ಸಾರಜನಕವನ್ನೂ ಹಿಡಿಯುತ್ತವೆ. ಒಣಗಿದಾಗ ಕಾಲಿಟ್ಟರೆ ಪುಡಿಪುಡಿ. ಹಾಗಾಗಿ ಓಡಾಡಲು ಒಂದೇ ಕಾಲುದಾರಿ ಮಾಡಿ, ಉಳಿದ ಕಡೆ ಯಾರನ್ನೂ ಬಿಡಲಿಲ್ಲ.

ಆಮೇಲೆ ಕಳೆ ಎದ್ದಿತು. ತುಂಬೆ, ಉತ್ತರಾಣಿ, ಮುಟ್ಟಿದರೆ ಮುನಿ, ಹೆಸರೇ ಇಲ್ಲದ ಹುಲ್ಲುಗಳು. ನೋಡಿದವರೆಲ್ಲ ಕೀಳಿಸಿ ಅಂದರು. ಕೀಳಿಸಬೇಕಾದ್ದು ಇವನ್ನಲ್ಲ. ಬೇಗ ಬೆಳೆದು, ರಾಶಿ ಬೀಜ ಉದುರಿಸಿ, ಬೇಗ ಸಾಯುವುದೇ ಇವುಗಳ ಕೆಲಸ. ಸತ್ತ ಬೇರು ಕೊಳೆತಲ್ಲಿ ನೀರು ಇಳಿಯಲು ದಾರಿಯಾಗುತ್ತದೆ. ಮುಟ್ಟಿದರೆ ಮುನಿಯನ್ನು ಬೇರು ಸಮೇತ ಎತ್ತಿ ನೋಡಿ, ಸಣ್ಣ ಗಂಟುಗಳಿರುತ್ತವೆ. ಉಗುರಿನಲ್ಲಿ ಸೀಳಿದಾಗ ಒಳಗೆ ನಸುಗೆಂಪು ಇದ್ದರೆ ಸಾರಜನಕದ ಕೆಲಸ ನಡೆದಿದೆ ಅಂತ ಲೆಕ್ಕ. 1980ರಲ್ಲಿ ಅಮೆರಿಕದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದ ಮೇಲೆ ಬರಿ ಬೂದಿಕಲ್ಲಿನ ಬಯಲಲ್ಲಿ ಮೊದಮೊದಲು ಬೇರೂರಿದ್ದು ಇದೇ ದ್ವಿದಳ ಕುಟುಂಬದ ಲುಪಿನ್. 1963ರಲ್ಲಿ ಐಸ್‌ಲ್ಯಾಂಡ್ ಬಳಿ ಕಡಲಿನಿಂದ ಎದ್ದ ಸುರ್ಟ್ಸಿ ದ್ವೀಪದಲ್ಲಿ ಗೊಬ್ಬರ ತಂದವು ಕಡಲಹಕ್ಕಿಗಳು. ಅವು ಗುಂಪಾಗಿ ಗೂಡು ಕಟ್ಟಿದ ಮೇಲೆಯೇ ಅಲ್ಲಿ ಹಸಿರು ಜೋರಾಯಿತು.

ಕಾರೆ, ಬೋರೆ ಪೊದೆಗಳು ಬಂದ ಮೇಲೆ ಜಾಗದ ಗತ್ತೇ ಬದಲಾಯಿತು. ನಡು ಮಧ್ಯಾಹ್ನ ಪೊದೆಯ ಬುಡಕ್ಕೆ ಕೈ ಹಾಕಿದರೆ ಮಣ್ಣು ತಣ್ಣಗೆ, ತುಸು ಪಸೆ. ಎರಡು ಮಾರು ಆಚೆ ಬಯಲಲ್ಲಿ ಅಂಗೈ ಸುಡುತ್ತಿತ್ತು. ಬೇವಿನ ಸಸಿ ಹುಟ್ಟಿದ್ದು ಆ ಮುಳ್ಳಿನ ನಡುವೆಯೇ. ಹಕ್ಕಿ ಬೀಜ ತಂದಿತ್ತು, ಮುಳ್ಳು ಕಾವಲಿತ್ತು, ತರಗೆಲೆ ಗೊಬ್ಬರವಾಗಿತ್ತು. ತಮಾಷೆ ಅಂದರೆ ಮರ ಎತ್ತರವಾದಂತೆ ನೆರಳಿಗೆ ಸಿಕ್ಕ ಪೊದೆ ಸೊರಗುತ್ತದೆ, ಸಾಕಿದ್ದಕ್ಕೆ ಸಿಕ್ಕ ಬಹುಮಾನ!

ಒಂದು ಹವಾಮಾನದಲ್ಲಿ ಇದೆಲ್ಲ ಕೊನೆಗೆ ಒಂದೇ ಬಗೆಯ ಸಸ್ಯಸಮೂಹಕ್ಕೆ ಹೋಗಿ ನಿಲ್ಲುತ್ತದೆ ಅಂತ ಅಮೆರಿಕದ ಸಸ್ಯವಿಜ್ಞಾನಿ ಕ್ಲೆಮೆಂಟ್ಸ್ 1916ರಲ್ಲಿ ಬರೆದ. ಹಾಗೇನಿಲ್ಲ, ಪ್ರತಿ ಜಾತಿಯೂ ತನ್ನ ಪಾಡಿಗೆ ಬರುತ್ತದೆ, ಯಾರು ಮೊದಲು ತಲುಪಿದರು ಅನ್ನುವುದೂ ಮುಖ್ಯ ಅಂತ ಅಲ್ಲಿಯದೇ ಇನ್ನೊಬ್ಬ ಸಸ್ಯವಿಜ್ಞಾನಿ ಗ್ಲೀಸನ್ ವಾದ ಹೂಡಿದ. ನನ್ನ ಇಳಿಜಾರು ಗ್ಲೀಸನ್ ಪರ. ತಗ್ಗಿನಲ್ಲಿ ಮರಗಳು ಸೇರಿಕೊಂಡವು, ದಿಬ್ಬ ಇವತ್ತಿಗೂ ಹುಲ್ಲುಗಾವಲು. ಎರಡೂ ಗಟ್ಟಿಯಾಗಿಯೇ ನಿಂತಿವೆ. ಮಳೆ ಕೈಕೊಟ್ಟ ವರ್ಷ ಒಂದು ಹುಲ್ಲು ಸೋತರೆ ಇನ್ನೊಂದು ಆ ಜಾಗ ತುಂಬುತ್ತದೆ. ಕೆಳಗಿನ ಹಳ್ಳಕ್ಕೆ ಈಗ ಕೆಸರು ಇಳಿಯುವುದು ತೀರಾ ಕಮ್ಮಿ.

ಮೊದಲು ಬಂದವರೆಲ್ಲ ಹಿಂದೆ ಬರುವವರಿಗೆ ದಾರಿ ಬಿಡ್ತಾರೆ ಅಂತೇನಿಲ್ಲ ಅಲ್ವಾ? ಲಂಟಾನ ಪೊದೆ ಒಮ್ಮೆ ಹಬ್ಬಿದರೆ ಅದರಡಿ ಬೇರೆ ಸಸಿ ಏಳುವುದೇ ಕಷ್ಟ, ಎಲ್ಲ ಅಲ್ಲಿಗೇ ನಿಂತುಬಿಡುತ್ತದೆ. ಹಕ್ಕಿಗಳು ಇದರ ಬೀಜವನ್ನೂ ತರುತ್ತವೆ, ನಾನು ನಿಲ್ಲಿಸಿದ ಒಣ ಕೊಂಬೆಗಳ ಕೆಳಗೇ ಜಾಸ್ತಿ. ಸುಮ್ನೆ ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ನಾನು ಹೂವಿಗೆ ಮುಂಚೆ, ನೆಲದಿಂದ ಕೆಳಗೆ ಬೇರಿನ ಬುಡದಲ್ಲೇ ಕಡಿದು, ಬೇರು ಮೇಲಾಗಿ ತಲೆಕೆಳಗು ಒಣಹಾಕುತ್ತೇನೆ. ಖಾಲಿಯಾದ ಜಾಗಕ್ಕೆ ಪಕ್ಕದ ದಿಬ್ಬದ ಹುಲ್ಲಿನ ಬೀಜವನ್ನೇ ಕೂಡಲೇ ಎರಚುತ್ತೇನೆ, ಬಿಟ್ಟರೆ ಮತ್ತೆ ಲಂಟಾನವೇ ಬಂದು ಕೂರುತ್ತದೆ. ಈಗ ಅಲ್ಲಿ ನನಗೆ ಉಳಿದಿರುವ ಕೆಲಸ ಇದೊಂದೇ.