ಅಂಕ ಸೊನ್ನೆ, ಉಸಿರು 28

ಸಕಲೇಶಪುರದ ಆಚೆ, ಕಾಫಿ ತೋಟಗಳ ನಡುವೆ ನನ್ನ ಚಿಕ್ಕ ಕ್ಲಿನಿಕ್ ಇದೆ. ಮಳೆಗಾಲ ಹಿಡಿದರೆ ಜ್ವರ, ಕೆಮ್ಮು, ಮೈಕೈ ನೋವಿನವರೇ ಜಾಸ್ತಿ. ದೊಡ್ಡ ಆಸ್ಪತ್ರೆ ಇರುವ ಹಾಸನಕ್ಕೆ ಗಂಟೆಗೂ ಮೀರಿದ ದಾರಿ. ಯಾರನ್ನು ಮನೆಗೆ ಕಳಿಸಬಹುದು, ಯಾರನ್ನು ಈಗಲೇ ಗಾಡಿ ಹತ್ತಿಸಬೇಕು ಅಂತ ಇಲ್ಲೇ ತೀರ್ಮಾನ ಮಾಡಬೇಕು.

ನ್ಯುಮೋನಿಯಾ ಎಷ್ಟು ಜೋರಾಗಿದೆ ಎಂದು ಅಳೆಯಲು ನಾವು ಬಳಸುವುದು ಕರ್ಬ್-65. 2003ರಲ್ಲಿ ಬಂದ ಲೆಕ್ಕ. ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ರೋಗಿಗೆ ಗೊಂದಲ ಇದ್ದರೆ ಒಂದು ಅಂಕ. ಉಸಿರು ನಿಮಿಷಕ್ಕೆ 30 ಮುಟ್ಟಿದರೆ ಒಂದು. ಮೇಲಿನ ಬಿಪಿ 90ಕ್ಕಿಂತ ಕೆಳಗೆ, ಇಲ್ಲವೇ ಕೆಳಗಿನದು 60 ಅಥವಾ ಅದಕ್ಕೂ ಕಡಿಮೆ ಇದ್ದರೆ ಒಂದು. ವಯಸ್ಸು 65 ತುಂಬಿದ್ದರೆ ಒಂದು. ರಕ್ತದಲ್ಲಿ ಯೂರಿಯಾ ಏರಿದ್ದರೆ ಇನ್ನೊಂದು. ಈ ಯೂರಿಯಾದಲ್ಲಿ ಒಂದು ಎಚ್ಚರ ಬೇಕು. ಪುಸ್ತಕದಲ್ಲಿ ಕಾಣುವ 20ರ (ಮಿ.ಗ್ರಾಂ/ಡೆಸಿಲೀಟರ್) ಆಸುಪಾಸಿನ ಗಡಿ ಯೂರಿಯಾ ನೈಟ್ರೋಜನ್‌ಗೆ, ಅಂದರೆ ಯೂರಿಯಾದೊಳಗಿನ ಸಾರಜನಕಕ್ಕೆ ಮಾತ್ರ ಹೇಳಿದ್ದು. ನಮ್ಮ ಲ್ಯಾಬಿನವರು ಸಾಮಾನ್ಯವಾಗಿ ಕೊಡುವುದು ಬ್ಲಡ್ ಯೂರಿಯಾ, ಅಂದರೆ ಇಡೀ ಯೂರಿಯಾದ ಅಳತೆ. ಅದಕ್ಕೆ ಗಡಿ ಸುಮಾರು 42.

ಒಂದೇ ದಿನ ಬಂದ ಇಬ್ಬರು ನನ್ನ ಕಣ್ಣು ತೆರೆಸಿದರು. ಒಬ್ಬರು 72ರ ಅಜ್ಜಿ. ಕೆಮ್ಮು ಇತ್ತು, ಆದರೆ ಉಸಿರು ನಿಮಿಷಕ್ಕೆ 18, ರಕ್ತದ ಆಕ್ಸಿಜನ್ ಶೇಕಡಾ 96. ಊಟ ಸೇರುತ್ತಿತ್ತು. ಇನ್ನೊಬ್ಬ 34ರ ತೋಟದ ಕೆಲಸಗಾರ, ಜ್ವರ ಶುರುವಾಗಿ ಐದನೇ ದಿನ. "ಏನಿಲ್ಲ ಡಾಕ್ಟ್ರೇ, ಒಂಚೂರು ಸುಸ್ತು ಅಷ್ಟೇ" ಅಂದ. ಚೀಟಿಯಲ್ಲಿ ಉಸಿರು 20 ಎಂದು ಬರೆದಿತ್ತು. ಕೂತಲ್ಲಿ ಆಕ್ಸಿಜನ್ 95. ಲೆಕ್ಕದ ಪ್ರಕಾರ ಅಜ್ಜಿಗೆ ಒಂದು ಅಂಕ, ಅವನಿಗೆ ಸೊನ್ನೆ.

ಅವನು ಮಾತಾಡುವಾಗ ಅರ್ಧಕ್ಕೇ ನಿಲ್ಲಿಸಿ ಉಸಿರು ತಗೊಳ್ಳುತ್ತಿದ್ದ. ಅದಕ್ಕೇ ಅನುಮಾನ ಬಂತು. ನಾಡಿ ನೋಡುವ ಹಾಗೆ ಕೈ ಹಿಡಿದು, ಗಡಿಯಾರ ನೋಡುತ್ತಾ ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿದೆ. 28. ಎಣಿಸುತ್ತಿದ್ದೇವೆ ಅಂತ ಗೊತ್ತಾದರೆ ಉಸಿರಿನ ಲಯವೇ ಬದಲಾಗುತ್ತದೆ, ಅದಕ್ಕೆ ಹೇಳದೇ ಎಣಿಸಬೇಕು. ಆಮೇಲೆ ಬೆರಳಿಗೆ ಆಕ್ಸಿಮೀಟರ್ ಹಾಕಿಸಿ ವರಾಂಡದಲ್ಲಿ ನಡೆಸಿದೆ, ಜೊತೆಗೆ ನಾನೂ ನಡೆದೆ. ಎರಡನೇ ಸುತ್ತಿಗೆ 89ಕ್ಕೆ ಇಳಿಯಿತು. ತಕ್ಷಣ ಕೂರಿಸಿದೆ. ಅಂಕ ಆಗಲೂ ಸೊನ್ನೆಯೇ! 28 ಅಂದರೆ 30 ಅಲ್ವಲ್ಲ.

ಅಜ್ಜಿಯನ್ನು ಮನೆಗೆ ಕಳಿಸಿದೆ, ಅವನನ್ನು ಆಕ್ಸಿಜನ್ ಹಾಕಿ ಹಾಸನಕ್ಕೆ. ಎಕ್ಸ್‌ರೇಯಲ್ಲಿ ಎರಡೂ ಕಡೆ ಶ್ವಾಸಕೋಶದಲ್ಲಿ ಬಿಳಿ ಮಚ್ಚೆಗಳಿದ್ದವು, ನ್ಯುಮೋನಿಯಾದ ಗುರುತು.

ಕರ್ಬ್-65ರಲ್ಲಿ ಆಕ್ಸಿಜನ್‌ಗೆ ಜಾಗವೇ ಇಲ್ಲ, ವಯಸ್ಸಿಗೆ ಇದೆ. ವೈರಸ್ ನ್ಯುಮೋನಿಯಾದಲ್ಲಿ ಇದೇ ತೊಡಕು. 2009ರ ಎಚ್1ಎನ್1ನಲ್ಲೂ ಆಮೇಲೆ ಕೋವಿಡ್‌ನಲ್ಲೂ ಗಟ್ಟಿಮುಟ್ಟಾದ ಹರೆಯದವರು ಕಡಿಮೆ ಅಂಕ ಇಟ್ಟುಕೊಂಡೇ ಐಸಿಯು ಸೇರಿದರು. ಅಂಕವನ್ನು ನಾನು ಈಗಲೂ ಹಾಕುತ್ತೇನೆ, ವಯಸ್ಸಾದವರಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಸೊನ್ನೆ ಬಂತು ಅಂತ ಯಾರನ್ನೂ ಸುಮ್ನೆ ಕಳಿಸುವುದಿಲ್ಲ. ಕೂತಲ್ಲೇ ಆಕ್ಸಿಜನ್ 94ಕ್ಕಿಂತ ಕಡಿಮೆ ಇದ್ದರೆ ನಡೆಸುವ ಪ್ರಶ್ನೆಯೇ ಇಲ್ಲ, ಹಾಸನಕ್ಕೆ ಕಳಿಸಲು ಅದೇ ಸಾಕು. ಉಳಿದವರನ್ನು ನಡೆಸುತ್ತೇನೆ. 3 ಅಂಶ ಇಳಿದರೂ ಹುಷಾರಾಗುತ್ತೇನೆ. ಮಳೆಯಲ್ಲಿ ನೆನೆದು ಬಂದವರ ತಣ್ಣನೆ ಬೆರಳಲ್ಲಿ ಆಕ್ಸಿಮೀಟರ್ ತಪ್ಪು ತೋರಿಸುತ್ತದೆ, ಮೊದಲು ಕೈ ಉಜ್ಜಿ ಬೆಚ್ಚಗೆ ಮಾಡಿಸಬೇಕು. ಉಗುರಿನ ಬಣ್ಣವನ್ನೂ ತೆಗೆಸಬೇಕು.

ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ಸದ್ದು ಚೆನ್ನಾಗಿಯೇ ಕೇಳಿದರೂ ನಾನು ಸಮಾಧಾನ ಪಡುವುದಿಲ್ಲ. ಮನೆಯವರ ಮಾತನ್ನೂ ಕೇಳುತ್ತೇನೆ. "ರಾತ್ರಿಯಿಂದ ಏನೇನೋ ಮಾತಾಡ್ತಿದಾರೆ" ಅಂದರೆ ಅದೇ ಗೊಂದಲದ ಅಂಕ. ಜ್ವರ ಬಿಟ್ಟು ಎರಡು ದಿನಕ್ಕೆ ಮತ್ತೆ ಬಂದು, ಹಳದಿ ಕಫ ಬಿದ್ದರೆ ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದು.

ಹಾಸನಕ್ಕೆ ಬರೆಯುವ ಚೀಟಿಯಲ್ಲಿ ಈಗ ಮೊದಲ ಸಾಲಲ್ಲೇ ನಾಲ್ಕು ಸಂಗತಿ ಇರುತ್ತವೆ: ಕಾಯಿಲೆಯ ಎಷ್ಟನೇ ದಿನ, ನಾನೇ ಎಣಿಸಿದ ಉಸಿರು, ಕೂತಾಗಿನ ಆಕ್ಸಿಜನ್, ನಡೆದ ಮೇಲಿನ ಆಕ್ಸಿಜನ್. ಅಂಕವನ್ನು ಕೆಳಗೆ ಬರೆಯುತ್ತೇನೆ.