ಪ್ರೋಟೀನ್ ಇಂಟರ್‌ಫೇಸ್ ಮತ್ತು ಘನಸ್ಥಿತಿ ಎನ್‌ಎಂಆರ್: ಪೀಕ್ ಪಕ್ಕದ ಅಣುವಿನದೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ

ಘನಸ್ಥಿತಿ ಎನ್‌ಎಂಆರ್ ಎಂದರೆ ಕರಗದ ಸ್ಯಾಂಪಲನ್ನು ಬಲವಾದ ಕಾಂತಕ್ಷೇತ್ರದಲ್ಲಿಟ್ಟು, ಪರಮಾಣು ನ್ಯೂಕ್ಲಿಯಸ್‌ಗಳ ರೇಡಿಯೋ ಸಿಗ್ನಲ್‌ನಿಂದ ರಚನೆ ತಿಳಿಯುವ ವಿಧಾನ; ಇಂಟರ್‌ಫೇಸ್ ಎಂದರೆ ಎರಡು ಅಣುಗಳು ತಾಗುವ ಜಾಗ. ಒಂದೇ ಪ್ರೋಟೀನಿನ ಅಣುಗಳು ಸಾಲುಗಟ್ಟಿ ಫೈಬ್ರಿಲ್ (ಎಳೆ) ಆದಾಗ ಪ್ರತಿ ಅಣುವೂ ಅದೇ ಸಿಗ್ನಲ್ ಕೊಡುತ್ತದೆ. ಎಲ್ಲದರಲ್ಲೂ ಎನ್‌ಎಂಆರ್‌ಗೆ ಕಾಣುವ ಐಸೋಟೋಪ್‌ಗಳಾದ ಕಾರ್ಬನ್-13, ನೈಟ್ರೋಜನ್-15 ಎರಡೂ ತುಂಬಿದ್ದರೆ, ಕಂಡ ಪೀಕ್ ಅಣುವಿನ ಒಳಗಿನದೋ ಪಕ್ಕದ ಅಣುವಿನಿಂದ ಬಂದದ್ದೋ ಹೇಳಲು ಸಾಧ್ಯವಿಲ್ಲ. ಆದ್ದರಿಂದ ಪಲ್ಸ್ ಸೀಕ್ವೆನ್ಸ್ (ಸ್ಯಾಂಪಲ್‌ಗೆ ಕೊಡುವ ರೇಡಿಯೋ ಮಿಡಿತಗಳ ಕ್ರಮ) ಬಗ್ಗೆ ತಲೆ ಕೆಡಿಸಿಕೊಳ್ಳುವ ಮೊದಲು ನಾನು ಲೇಬಲಿಂಗ್ ಯೋಜನೆ, ಅಂದರೆ ಯಾವ ಅಣುವಿಗೆ ಯಾವ ಐಸೋಟೋಪ್ ಎಂಬುದನ್ನು, ಬರೆದುಕೊಳ್ಳುತ್ತೇನೆ. ನೈಟ್ರೋಜನ್-15 ಒಂದು ಅಣುವಿನಲ್ಲಿ, ಕಾರ್ಬನ್-13 ಇನ್ನೊಂದರಲ್ಲಿ ಇದ್ದರೆ, ಅವೆರಡರ ನಡುವಿನ ಪೀಕ್ ಪಕ್ಕದ ಅಣುವಿನಿಂದಲೇ ಬರಬೇಕು.

ಪ್ರೋಟೀನ್ ತಯಾರಿಸುವ ಬ್ಯಾಕ್ಟೀರಿಯಾವನ್ನು ಎಂ9 ಎಂಬ ಸರಳ ಪೋಷಕ ಮಾಧ್ಯಮದಲ್ಲಿ ಎರಡು ಬ್ಯಾಚ್ ಬೆಳೆಸಬೇಕು. ಒಂದಕ್ಕೆ ಲೀಟರಿಗೆ 1 ಗ್ರಾಂ ನೈಟ್ರೋಜನ್-15 ಅಮೋನಿಯಂ ಕ್ಲೋರೈಡ್ ಮತ್ತು ಸಾದಾ ಗ್ಲೂಕೋಸ್. ಇನ್ನೊಂದಕ್ಕೆ ಸಾದಾ ಅಮೋನಿಯಂ ಕ್ಲೋರೈಡ್ ಜೊತೆಗೆ ಎರಡನೇ ಸ್ಥಾನದಲ್ಲಷ್ಟೇ ಕಾರ್ಬನ್-13 ಇರುವ ಗ್ಲಿಸರಾಲ್. ಪೂರ್ತಿ ಲೇಬಲ್ ಆದ ಗ್ಲೂಕೋಸ್‌ಗಿಂತ ಈ ಗ್ಲಿಸರಾಲ್ ಮೇಲು. ಬಹುತೇಕ ಆಲ್ಫಾ ಕಾರ್ಬನ್‌ಗಳು (ಪ್ರತಿ ಅಮೈನೋ ಆಮ್ಲದ ನಡುವಿನ ಕಾರ್ಬನ್) ಅಕ್ಕಪಕ್ಕದಲ್ಲಿ ಕಾರ್ಬನ್-13 ಇಲ್ಲದೆ ಒಂಟಿಯಾಗಿ ಉಳಿಯುತ್ತವೆ, ಸಿಗ್ನಲ್‌ನ ಗೆರೆ ಸಪೂರವಾಗುತ್ತದೆ, ಬಂಧದಾಚೆಯ ಕಾರ್ಬನ್-13 ಗೆರೆಯನ್ನು ಸೀಳುವ 35 ಮತ್ತು 55 ಹರ್ಟ್ಸ್‌ನ ಜೆ ಕಪ್ಲಿಂಗ್ ಕಾಟವೂ ತಗ್ಗುತ್ತದೆ.

ಎರಡನ್ನೂ ಬೆರೆಸುವುದು ಫೈಬ್ರಿಲ್ ಕಟ್ಟುವ ಮೊದಲೇ, ಪ್ರೋಟೀನಿನ ಮಡಿಕೆ ಬಿಚ್ಚುವ ಗ್ವಾನಿಡಿನ್‌ನಲ್ಲಿ ಅಣುಗಳು ಪೂರ್ತಿ ಬಿಚ್ಚಿಕೊಂಡಿರುವಾಗ. 280 ನ್ಯಾನೋಮೀಟರ್‌ನಲ್ಲಿ ಸಾಂದ್ರತೆ ಅಳೆದು 1:1ಕ್ಕೆ ತಂದು, ಆಮೇಲೆ ಗ್ವಾನಿಡಿನ್ ತೆಗೆಯುತ್ತೇನೆ. ಒಂದು ಬ್ಯಾಚ್‌ನಲ್ಲಿ ಮೊದಲೇ ಸಣ್ಣ ಗುಂಪುಗಳು ಕಟ್ಟಿಕೊಂಡಿದ್ದರೆ ಅವು ತಮ್ಮವರೊಂದಿಗೇ ಬೆಳೆಯುತ್ತವೆ. ಪ್ರೋಟೀನ್ ಬೆರೆತಂತೆ ಕಂಡರೂ ಅಣುಗಳು ಬೆರೆತಿರುವುದಿಲ್ಲ.

ಈ ವಿಧಾನ ಸಿಗ್ನಲ್ ತಿನ್ನುತ್ತದೆ. ಅರ್ಧ ಅಣುಗಳಲ್ಲಷ್ಟೇ ನೈಟ್ರೋಜನ್-15 ಇದೆ. ಅವುಗಳ ಒಂದು ಬದಿಯ ನೆರೆಯಲ್ಲಿ ಕಾರ್ಬನ್-13 ಅಣು ಇರುವ ಸಾಧ್ಯತೆ ಮತ್ತೆ ಅರ್ಧ. ಒಟ್ಟು ಕಾಲು ಭಾಗ ಉಳಿಯಿತು. ಅದೇ ಸಿಗ್ನಲ್-ನಾಯ್ಸ್ ಬೇಕಾದರೆ 16 ಪಟ್ಟು ಸಮಯ. ಹಾಗಾಗಿ ಇದಕ್ಕೆ ನಾನು 3.2 ಮಿಲಿಮೀಟರ್ ರೋಟರ್ (ಸ್ಯಾಂಪಲ್ ತುಂಬಿ ವೇಗವಾಗಿ ತಿರುಗಿಸುವ ಪುಟ್ಟ ಕೊಳವೆ) ಬಿಟ್ಟು ಚಿಕ್ಕದಕ್ಕೆ ಇಳಿಯುವುದಿಲ್ಲ. 1.3 ಮಿಲಿಮೀಟರ್ ರೋಟರ್ 60 ಕಿಲೋಹರ್ಟ್ಸ್‌ನಲ್ಲಿ ತಿರುಗುತ್ತದೆ, ಪ್ರೋಟಾನ್ ಡಿಟೆಕ್ಷನ್‌ಗೆ ಅದು ಅದ್ಭುತ. ಆದರೆ ಅದರಲ್ಲಿ ಹಿಡಿಯುವುದು ಕೆಲವೇ ಮೈಕ್ರೋಲೀಟರ್.

ತುಂಬುವಾಗ ಒಣಗಿಸಲೇಬೇಡಿ. ಲಯೋಫಿಲೈಸ್ ಮಾಡಿದ (ಹೆಪ್ಪುಗಟ್ಟಿಸಿ ಒಣಗಿಸಿದ) ಪ್ರೋಟೀನಿನ ಗೆರೆಗಳು ಅಗಲವಾಗಿ ಕಲಸಿಹೋಗುತ್ತವೆ. ನೀರಿರುವ ಒಳ್ಳೆಯ ಫೈಬ್ರಿಲ್‌ನಲ್ಲಿ ಕಾರ್ಬನ್ ಗೆರೆ 0.5 ಪಿಪಿಎಂ ಆಸುಪಾಸಿಗೆ ಬರುತ್ತದೆ. ಉಪ್ಪನ್ನು 50 ಮಿಲಿಮೋಲಾರ್‌ಗಿಂತ ಕೆಳಗೆ ಇಳಿಸಿ, ಫನಲ್ ಇಟ್ಟು ಅಲ್ಟ್ರಾಸೆಂಟ್ರಿಫ್ಯೂಜ್‌ನಲ್ಲಿ 1,00,000 ಜಿ ಬಲದಲ್ಲಿ ರಾತ್ರಿಯಿಡೀ ನೇರವಾಗಿ ರೋಟರ್‌ಗೇ ಕೂರಿಸುತ್ತೇನೆ. ಕ್ಯಾಪ್ ಹಾಕಿದ ಮೇಲೆ ತೂಕ ಬರೆದಿಡಬೇಕು. ಪ್ರಯೋಗ ಮುಗಿದಾಗ ತೂಕ ಇಳಿದಿದ್ದರೆ ನೀರು ಸೋರಿದೆ, ಕೊನೆಯ ದಿನಗಳ ಡೇಟಾವನ್ನು ಅನುಮಾನದಿಂದಲೇ ನೋಡಬೇಕು. ಮೊದಲು 3 ಕಿಲೋಹರ್ಟ್ಸ್‌ನಲ್ಲಿ ಸ್ವಲ್ಪ ಹೊತ್ತು ತಿರುಗಿಸಿ. ಸ್ಯಾಂಪಲ್ ಗೋಡೆಗೆ ಸಮನಾಗಿ ಹರಡಿಕೊಂಡ ಮೇಲಷ್ಟೇ ವೇಗ ಏರಿಸಿ.

ಮ್ಯಾಜಿಕ್ ಕೋನವನ್ನು (ಗೆರೆ ಸಪೂರವಾಗಲು ತಿರುಗುವ ರೋಟರ್ ಕಾಂತಕ್ಷೇತ್ರಕ್ಕೆ ವಾಲಿರಬೇಕಾದ ಕೋನ) ಪೊಟ್ಯಾಸಿಯಂ ಬ್ರೋಮೈಡ್‌ನ ಬ್ರೋಮಿನ್-79 ಎಕೋಗಳಿಂದ, ಶಿಮ್ (ಕಾಂತಕ್ಷೇತ್ರದ ಸಮತೆ) ಮತ್ತು ಪಿಪಿಎಂ ಅಳತೆಯ ರೆಫರೆನ್ಸನ್ನು ಅಡಮಾಂಟೇನ್‌ನಿಂದ (ಎಡಗಡೆಯ ಪೀಕ್ 40.48 ಪಿಪಿಎಂ) ಸರಿಮಾಡುತ್ತೇನೆ. ಸ್ಯಾಂಪಲ್‌ನ ನಿಜವಾದ ತಾಪಮಾನ ಹೇಳುವುದು ಅದರೊಳಗಿನ ನೀರಿನ ಪ್ರೋಟಾನ್ ಪೀಕ್. ಗ್ಯಾಸ್‌ನ ಥರ್ಮಾಮೀಟರನ್ನು ನಂಬಬೇಡಿ, ತಿರುಗುವ ಘರ್ಷಣೆಯ ಬಿಸಿ ಅದಕ್ಕೆ ಗೊತ್ತಾಗುವುದಿಲ್ಲ. ತಿರುಗುವ ವೇಗ ಆರಿಸುವಾಗಲೂ ಒಂದು ಎಚ್ಚರ ಬೇಕು: 600 ಮೆಗಾಹರ್ಟ್ಸ್ ಯಂತ್ರದಲ್ಲಿ ಕಾರ್ಬೊನಿಲ್ ಮತ್ತು ಆಲ್ಫಾ ಕಾರ್ಬನ್ ನಡುವೆ ಸುಮಾರು 18 ಕಿಲೋಹರ್ಟ್ಸ್ ಅಂತರವಿದೆ, ವೇಗ ಈ ಅಂತರಕ್ಕೋ ಅದರ ಅರ್ಧಕ್ಕೋ ಸಮವಾದರೆ ಎರಡೂ ಒಂದನ್ನೊಂದು ಕೆಡಿಸುತ್ತವೆ, ಆದ್ದರಿಂದ 18 ಮತ್ತು 9 ಕಿಲೋಹರ್ಟ್ಸ್ ಎರಡನ್ನೂ ಬಿಡಬೇಕು.

ನೈಟ್ರೋಜನ್‌ನಿಂದ ಕಾರ್ಬನ್‌ಗೆ ದಾಟಲು ನಾನು ಹೆಚ್ಚಾಗಿ ನೆಚ್ಚುವುದು ಟೆಡೋರ್ ಎಂಬ ಪಲ್ಸ್ ಸೀಕ್ವೆನ್ಸ್. ಬಂಧವಿರುವ ಜೋಡಿಯ ಡೈಪೋಲಾರ್ ಕಪ್ಲಿಂಗ್ (ದೂರ ಹೆಚ್ಚಿದಂತೆ ಕುಗ್ಗುವ ಕಾಂತೀಯ ಸೆಳೆತ) ಸುಮಾರು 900 ಹರ್ಟ್ಸ್. 4 ಆಂಗ್‌ಸ್ಟ್ರಾಮ್ ದೂರಕ್ಕೆ ಅದು 48 ಹರ್ಟ್ಸ್, 5ಕ್ಕೆ ಬರೀ 25. ಹಾಗಾಗಿ ಮಿಕ್ಸಿಂಗ್ (ಸಿಗ್ನಲ್ ದಾಟಲು ಬಿಡುವ ಹೊತ್ತು) 1.6 ಮಿಲಿಸೆಕೆಂಡ್‌ನಲ್ಲಿ ನಿಲ್ಲದೆ 8ರಿಂದ 16ರವರೆಗೆ ಹೋಗಬೇಕು. ಅಷ್ಟು ಹೊತ್ತೂ 80–90 ಕಿಲೋಹರ್ಟ್ಸ್ ಪ್ರೋಟಾನ್ ಡಿಕಪ್ಲಿಂಗ್ (ಪ್ರೋಟಾನ್‌ಗಳ ಅಡ್ಡಿ ತಡೆಯುವ ರೇಡಿಯೋ ಅಲೆ) ಬೇಕಾದ್ದರಿಂದ ಸ್ಯಾಂಪಲ್ ಬಿಸಿಯಾಗುತ್ತದೆ. ಉಪ್ಪು ಇಳಿಸಿದ್ದು ಅದಕ್ಕೇ.

ಅತಿ ಹೆಚ್ಚು ಎಚ್ಚರ ಬೇಕಾದ್ದು ಮುಂದಿನ ಹಂತದಲ್ಲಿ. ಸಾದಾ ಗ್ಲೂಕೋಸ್‌ನಲ್ಲೂ 1.1% ಕಾರ್ಬನ್-13 ಇದೆ. ಸಾದಾ ಅಮೋನಿಯಂನಲ್ಲೂ 0.37% ನೈಟ್ರೋಜನ್-15 ಇದೆ. ಬಂಧವಿರುವ ಜೋಡಿ ಸುಲಭವಾಗಿ ಸಿಗ್ನಲ್ ದಾಟಿಸುತ್ತದೆ, 4–5 ಆಂಗ್‌ಸ್ಟ್ರಾಮ್ ದೂರದ ಜೋಡಿ ತೀರಾ ಕಡಿಮೆ ದಾಟಿಸುತ್ತದೆ. ಹಾಗಾಗಿ ಈ ಅಲ್ಪ ಅಂಶ ಎಬ್ಬಿಸುವ ಸುಳ್ಳು ಪೀಕ್, ನಾವು ಹುಡುಕುತ್ತಿರುವ ಪೀಕ್‌ನಷ್ಟೇ ಎತ್ತರಕ್ಕೆ ಬರಬಲ್ಲದು. ಸಮಾಂತರವಾಗಿ, ಪ್ರತಿ ಅಮೈನೋ ಆಮ್ಲವೂ ತನ್ನದೇ ಜೊತೆಗಾರನ ಮೇಲೆ ಕೂರುವ ಅಮಿಲಾಯ್ಡ್ ಫೈಬ್ರಿಲ್‌ನಲ್ಲಿ (ಪದರಗಳ ಅಂತರ ಸುಮಾರು 4.8 ಆಂಗ್‌ಸ್ಟ್ರಾಮ್) ಇದು ಇನ್ನೂ ಕಷ್ಟ. ಅಲ್ಲಿ ನಿಜವಾದ ಪೀಕ್ ಬರುವುದೂ ಒಂದೇ ಶೇಷದ (ಸರಪಳಿಯ ಅಮೈನೋ ಆಮ್ಲದ) ನೈಟ್ರೋಜನ್–ಆಲ್ಫಾ ಕಾರ್ಬನ್ ಜಾಗದಲ್ಲಿ, ಸುಳ್ಳು ಪೀಕ್ ಬರುವುದೂ ಅಲ್ಲೇ.

ಪರಿಹಾರ ಒಂದು ಕಂಟ್ರೋಲ್ ಸ್ಯಾಂಪಲ್: ಎರಡು ಬ್ಯಾಚ್‌ಗಳ ಫೈಬ್ರಿಲ್‌ಗಳನ್ನು ಬೇರೆಬೇರೆ ಕಟ್ಟಿಸಿ, ಆಮೇಲೆ 1:1 ಬೆರೆಸಿ, ಅದೇ ತೂಕ, ಅದೇ ಮಿಕ್ಸಿಂಗ್, ಅಷ್ಟೇ ಸ್ಕ್ಯಾನ್. ಅದರಲ್ಲಿ ಕಾಣುವುದೆಲ್ಲ ಸುಳ್ಳು ಪೀಕ್. ಅದನ್ನು ಕಳೆದ ಮೇಲೆ ಉಳಿದದ್ದನ್ನು ಮಾತ್ರ ಇಂಟರ್‌ಫೇಸ್ ಎಂದು ಬರೆಯುತ್ತೇನೆ. ಈ ಕಂಟ್ರೋಲ್ ಇಲ್ಲದ ಇಂಟರ್‌ಫೇಸ್ ಪೀಕನ್ನು ಯಾರು ತೋರಿಸಿದರೂ ನಾನು ಒಪ್ಪುವುದಿಲ್ಲ. ನೈಟ್ರೋಜನ್ ಬ್ಯಾಚ್‌ಗೆ ಕಾರ್ಬನ್-13 ತೆಗೆದ ಗ್ಲೂಕೋಸ್ ಸಿಕ್ಕರೆ ಸುಳ್ಳು ಪೀಕ್‌ನ ದೊಡ್ಡ ಪಾಲು ಮೊದಲೇ ಹೋಗುತ್ತದೆ.

ಕಾರ್ಬನ್–ಕಾರ್ಬನ್ ದಾರಿಯೂ ಇದೆ: ಅರ್ಧಕ್ಕೆ ಒಂದನೇ ಸ್ಥಾನದ, ಇನ್ನರ್ಧಕ್ಕೆ ಎರಡನೇ ಸ್ಥಾನದ ಕಾರ್ಬನ್-13 ಗ್ಲೂಕೋಸ್. 2012ರಲ್ಲಿ ಪ್ರಕಟವಾದ ಸಾಲ್ಮೊನೆಲ್ಲಾದ ಟೈಪ್ 3 ಸ್ರವಿಕೆಯ ಸೂಜಿಯ (ಬೇರೆ ಜೀವಕೋಶಕ್ಕೆ ಪ್ರೋಟೀನ್ ಚುಚ್ಚುವ ನಳಿಕೆಯ) ರಚನೆಯಲ್ಲಿ ಅಣುಗಳ ನಡುವಿನ ಸಂಪರ್ಕ ಗುರುತಿಸಲು ಇದೂ ನೆರವಾಯಿತು.

ಎರಡು ಬೇರೆ ಪ್ರೋಟೀನ್‌ಗಳ ಜೋಡಿಯಾದರೆ ಕೆಲಸ ಹಗುರ. ಒಂದನ್ನಷ್ಟೇ ಲೇಬಲ್ ಮಾಡಿ, ಒಂಟಿಯಾಗಿರುವಾಗ ಮತ್ತು ಜೋಡಿಯಾದಾಗ ಶಿಫ್ಟ್ (ಪೀಕ್ ಕಾಣುವ ಪಿಪಿಎಂ ಜಾಗ) ಹೋಲಿಸಬಹುದು. ಆದರೆ ಶಿಫ್ಟ್ ಬದಲಾದದ್ದೆಲ್ಲ ಇಂಟರ್‌ಫೇಸ್ ಅಲ್ಲ. ದೂರದ ಲೂಪ್ ಕೂಡ ಅಲುಗುತ್ತದೆ. ಜೊತೆಗೆ ನೀರಿನಿಂದ ಹರಿಯುವ ಸಿಗ್ನಲ್ ನೋಡುತ್ತೇನೆ: 1–2 ಮಿಲಿಸೆಕೆಂಡ್ ಫಿಲ್ಟರ್‌ನಲ್ಲಿ ನೀರಿನ ಪ್ರೋಟಾನ್ ಮಾತ್ರ ಉಳಿಸಿ, ಕೆಲವು ಮಿಲಿಸೆಕೆಂಡ್ ಹರಡಲು ಬಿಟ್ಟು, ಕಾರ್ಬನ್‌ಗೆ ದಾಟಿಸುವುದು. ಶಿಫ್ಟ್ ಬದಲಾದ ಶೇಷಕ್ಕೆ ನೀರೂ ತಡವಾಗಿ ತಲುಪುತ್ತಿದ್ದರೆ ಅದು ಮುಚ್ಚಿಹೋದ ಜಾಗ. ಜೊತೆಗಾರ ಆರ್‌ಎನ್‌ಎ ಆದರೆ ಇನ್ನೂ ಅನುಕೂಲ, ಫಾಸ್ಫರಸ್-31ಕ್ಕೆ ಲೇಬಲ್ಲೇ ಬೇಡ. 6 ಆಂಗ್‌ಸ್ಟ್ರಾಮ್‌ನಲ್ಲೂ ಕಾರ್ಬನ್ ಜೊತೆ ಅದರ ಕಪ್ಲಿಂಗ್ ಸುಮಾರು 57 ಹರ್ಟ್ಸ್, ನೈಟ್ರೋಜನ್–ಕಾರ್ಬನ್‌ನದು ಬರೀ 14.

ರಚನೆ ಲೆಕ್ಕ ಹಾಕುವಾಗ ಪೀಕ್ ಮೇಲಿನ ನೆರೆಯದೋ ಕೆಳಗಿನದೋ ಎಂದು ನೀವೇ ತೀರ್ಮಾನಿಸಬೇಡಿ, ಎರಡೂ ಸಾಧ್ಯತೆಗಳನ್ನು ಒಟ್ಟಿಗೆ ಕೊಡಿ. ಆಮೇಲೆ ಒಂದೊಂದೇ ನಿರ್ಬಂಧ (ಪೀಕ್‌ನಿಂದ ಸಿಕ್ಕ ದೂರದ ಮಿತಿ) ತೆಗೆದು ಮತ್ತೆ ಲೆಕ್ಕ ಹಾಕಿ. ಒಂದೇ ಪೀಕ್ ಮೇಲೆ ಇಡೀ ಇಂಟರ್‌ಫೇಸ್ ನಿಂತಿದ್ದರೆ ಆ ಶೇಷವನ್ನು ಮ್ಯುಟೇಟ್ ಮಾಡಿ, ಜೋಡಣೆ ಕೆಡುತ್ತದೆಯೇ ಎಂದು ಪರೀಕ್ಷಿಸಿ.